ಸಪ್ಪಳ ತೆಗೆದ ವಿಮಾನ

ನಮ್ಮ ಮಾವನ ವಿಮಾನದ ಸಪ್ಪಳ ತೆಗೆದವನು ನಾನೇ. ಇಷ್ಟೇ ಹೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ, ಮೊದಲಿನಿಂದ ಹೇಳುತ್ತೇನೆ.

ಆಗ ಊರೂರಿಗೆ ಮೊಬೈಲ್ ಬಂದು ಕಾಯಿನ್ ಬಾಕ್ಸ್ ಫೋನುಗಳಿಗೆ ಧೂಳು ಹಿಡಿಯುತ್ತಿದ್ದ ಕಾಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಹೊಲದ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಮೋಟರು, ಸುಟ್ಟದ್ದೆಲ್ಲ ನನ್ನ ಮುಂದೆ ಬಂದು ಬೀಳುತ್ತಿತ್ತು. ತಂದವರು ಅಲ್ಲೇ ಕುಕ್ಕರಗಾಲಲ್ಲಿ ಕೂತು "ಸಂಜಿಕ ಕೊಡ್ತೀರಿಲ್ರಿ?" ಎಂದು ತಲೆ ತಿನ್ನುತ್ತಿದ್ದರು. ತಂತಿ ಸುತ್ತುವವನಿಗೆ ಶಾಂತ ಸ್ವಭಾವ ಇರಬೇಕಂತೆ. ನನ್ನ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲೇ ಇದೆ.

ಮಾವ ಎಂದರೆ ನಮ್ಮ ಅವ್ವನ ತಮ್ಮ. ಇದ್ದದ್ದು ರೋಣದಲ್ಲಿ. ಒಂದು ಟೆಂಪೋ ಇಟ್ಟುಕೊಂಡು ಬೆಳಿಗ್ಗೆ ನರಗುಂದಕ್ಕೆ, ಸಂಜೆ ಗಜೇಂದ್ರಗಡಕ್ಕೆ ಜನ ತುಂಬಿಕೊಂಡು ಹೋಗಿ ಬರುತ್ತಿದ್ದ. ಹರೆಯದಲ್ಲಿ ಅವನು ಪುಣೆಯಲ್ಲಿ ಒಬ್ಬ ಕಾರ್ಖಾನೆ ಮಾಲೀಕರ ಕಾರು ಓಡಿಸುತ್ತಿದ್ದನಂತೆ. ಆ ಮಾಲೀಕರಿಗೆ ರಿಮೋಟಿನ ವಿಮಾನ ಹಾರಿಸುವ ಹುಚ್ಚು. ಕಾರು ನಿಲ್ಲಿಸಿ ಬಿಸಿಲಲ್ಲಿ ಕಾಯುತ್ತ ಕಾಯುತ್ತ ಮಾವನಿಗೂ ಆ ಹುಚ್ಚು ಹತ್ತಿತು. ನೌಕರಿ ಬಿಟ್ಟು ಬರುವಾಗ ಮಾಲೀಕರು ಒಂದು ಹಳೆಯ ವಿಮಾನವನ್ನೇ ಕೈಗಿತ್ತು ಕಳಿಸಿದ್ದರು. ಎರಡೂ ತೋಳು ಚಾಚಿದಷ್ಟು ಅಗಲದ ರೆಕ್ಕೆ, ಹೂವಿನಷ್ಟು ಹಗುರಾದ ಕಟ್ಟಿಗೆಯ ಮೈ, ಮೂಗಿಗೆ ಮುಷ್ಟಿಯಷ್ಟು ಎಂಜಿನ್ನು.

ಆ ಎಂಜಿನ್ನಿಗೆ ಪೆಟ್ರೋಲ್ ನಡೆಯುವುದಿಲ್ಲ. ಮೆಥನಾಲ್‌ಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬೆರೆಸಿ ಹಾಕಬೇಕು. ಅದರ ನೆತ್ತಿಯಲ್ಲಿ ಗ್ಲೋ ಪ್ಲಗ್ ಎಂಬ ಸಣ್ಣ ಸುರುಳಿ ತಂತಿ ಇರುತ್ತದೆ. ಸೆಲ್ಲು ಹಚ್ಚಿ ಅದನ್ನು ಕೆಂಪಗೆ ಕಾಯಿಸಿ, ಕೋಲಿನಿಂದ ಪಂಖ ತಿರುವಿದರೆ, ಆಹಾ, ಹೊಡೆದುಕೊಳ್ಳುತ್ತಿತ್ತು ನೋಡಿ! ಅಸೂಟಿ ದಾರಿಯಲ್ಲಿ ನಮ್ಮ ಬೀಗರ ಹೊಲ. ಅಲ್ಲಿ ಶುರು ಮಾಡಿದರೆ ಊರೊಳಗಿನ ನಾಯಿಗಳೆಲ್ಲ ಬೊಗಳಬೇಕು. ಸುಟ್ಟ ಔಡಲೆಣ್ಣೆಯ ವಾಸನೆ ಮಾವನ ಅಂಗಿಗೆ ಹತ್ತಿ, ಒಗೆದರೂ ಹೋಗುತ್ತಿರಲಿಲ್ಲ. "ಬಾಣಂತಿ ಖೋಲಿಯಿಂದ ಎದ್ದು ಬಂದಂಗ ಕಾಣ್ತೀರಿ" ಎಂದು ಅತ್ತೆ ಚೇಷ್ಟೆ ಮಾಡುತ್ತಿದ್ದಳು.

ಅವನು ಹಾರಿಸುವ ರೀತಿಯೇ ಬೇರೆ. ಉಳಿದವರಾದರೆ ಕತ್ತು ಎತ್ತಿ ವಿಮಾನದ ಹಿಂದೆ ಕಣ್ಣು ಓಡಿಸುತ್ತಾರೆ. ಮಾವ ತಲೆಯನ್ನು ತುಸು ವಾರೆ ಮಾಡಿ, ಎಲ್ಲೋ ನೋಡುತ್ತ ನಿಲ್ಲುತ್ತಿದ್ದ. "ದನಿ ದಪ್ಪ ಆತು, ಮೂಗು ಮ್ಯಾಲ ಎತ್ತೇತಿ" ಎನ್ನುತ್ತಿದ್ದ. "ಈಗ ನಮ್ಮ ಬೆನ್ನ ಹಿಂದ ಹೋತು" ಎನ್ನುತ್ತಿದ್ದ. ತಿರುಗಿ ನೋಡಿದರೆ ಖರೆ, ಅಲ್ಲೇ ಇರುತ್ತಿತ್ತು. ನಾವೆಲ್ಲ ಬಾಯಿ ತೆರೆದು ನೋಡಿ, ಏನು ಕೈಚಳಕ ಎಂದು ಹೊಗಳುತ್ತಿದ್ದೆವು.

ಒಂದು ವರ್ಷ ಹುಬ್ಬಳ್ಳಿಯಿಂದ ಮೆಥನಾಲ್ ತಂದುಕೊಡುತ್ತಿದ್ದ ಮನುಷ್ಯ ಆ ವ್ಯಾಪಾರವನ್ನೇ ಬಿಟ್ಟ. ಬೇರೆ ಕಡೆ ಕೇಳಿದರೆ ಅಂಗಡಿಯವರು ಮಾವನನ್ನು ಕಳ್ಳಭಟ್ಟಿ ಕಾಸುವವನಂತೆ ನೋಡಿದರು. ವಿಮಾನ ಅಟ್ಟ ಸೇರಿತು. ಮಾವನೂ ಮಂಕಾದ. ಭಾನುವಾರ ಅವನ ಮನೆಗೆ ಹೋದರೆ ಪಡಸಾಲೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದ.

"ಕರೆಂಟಿಂದು ಮಾಡೋಣ ಮಾಮಾ" ಎಂದೆ. "ಮೋಟರ್ ಹಚ್ಚಿ, ಬ್ಯಾಟರಿ ಇಟ್ರ ಆತು. ಎಣ್ಣಿ ಬ್ಯಾಡ, ವಾಸನಿ ಬ್ಯಾಡ, ಸಪ್ಪಳನೂ ಇರಂಗಿಲ್ಲ."

ಮಾವ ಭರ್ರನೆ ಸಿಟ್ಟಿಗೆದ್ದ. "ಸಪ್ಪಳ ಇಲ್ಲದ್ದು ಏನ್ ಇಮಾನಲೇ? ಹೆಣ ಹಾರಿಸಿದಂಗ ಆಗತೈತಿ."

ಅವನ ಸಿಟ್ಟು ನನಗೆ ಹೊಸದು. ನಮ್ಮ ವಂಶದಲ್ಲಿ ಸಿಟ್ಟಿನ ಗುತ್ತಿಗೆ ನನ್ನದೇ ಎಂದುಕೊಂಡಿದ್ದೆ. ಹಳೆಯದನ್ನು ಬಿಡಲು ಯಾರಿಗಾದರೂ ಸಂಕಟವಾಗುತ್ತದೆ ಎಂದು ಸುಮ್ಮನಾದೆ. ಮುಂದೆ ಕೆಲವು ತಿಂಗಳಲ್ಲಿ ಅವನೇ ವಿಮಾನವನ್ನು ಹಳೆಯ ಧೋತರದಲ್ಲಿ ಸುತ್ತಿ ಅಂಗಡಿಗೆ ತಂದಿಟ್ಟು, "ಏನರೆ ಮಾಡು" ಎಂದು ಹೋದ.

ಮೋಟರು, ಬ್ಯಾಟರಿ, ಅವೆರಡರ ನಡುವೆ ವೇಗ ಹಿಡಿಯುವ ಪೆಟ್ಟಿಗೆ, ಮೂರನ್ನೂ ಪರಿಚಯದವರೊಬ್ಬರಿಂದ ಪುಣೆಯಿಂದ ತರಿಸಿದೆ. ಎಣ್ಣೆ ಕುಡಿದು ಕಪ್ಪಾಗಿದ್ದ ಎಂಜಿನ್ನನ್ನು ಬಿಚ್ಚಿ ತೆಗೆದೆ. ಎಣ್ಣೆಯ ಡಬ್ಬಿ ಇದ್ದ ಜಾಗದಲ್ಲಿ ಬ್ಯಾಟರಿಗೆ ಗೂಡು ಮಾಡಿದೆ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ, ಮೂಗು ಮುಗ್ಗರಿಸದಂತೆ ಬಾಲ ಜೋತು ಬೀಳದಂತೆ ತೂಕ ಸರಿ ಮಾಡಿದೆ. ಮೊದಲ ಸಲ ಪಂಖ ಉಲ್ಟಾ ತಿರುಗಿತು. ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸುಲ್ಟಾ ಆಗುತ್ತದೆ. ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ ಇದ್ದ ರೈತರಿಗೆಲ್ಲ ಗೊತ್ತಿರುವ ವಿದ್ಯೆ ಅದು.

ಗೊತ್ತಿರದಿದ್ದದ್ದು ಬೇರೆ. ಬ್ಯಾಟರಿ ಜೋಡಿಸಿದ ಕೂಡಲೇ ಆ ಮೋಟರು ಕುಂಯ್ ಕುಂಯ್ ಎಂದು ಕೂಗಿತು. ಸ್ಪೀಕರಿಲ್ಲ, ಗಂಟೆಯಿಲ್ಲ, ತಂತಿಯ ಸುತ್ತೇ ದನಿ ಮಾಡುತ್ತಿತ್ತು. ನೂರಾರು ಮೋಟರಿಗೆ ತಂತಿ ಸುತ್ತಿದವನು ನಾನು, ಒಂದೂ ಹೀಗೆ ನನ್ನನ್ನು ಕರೆದಿರಲಿಲ್ಲ. ಅದು ಹೊಸ ಪೆಟ್ಟಿಗೆಯ ರೂಢಿ, ಸಿದ್ಧ ಎಂದು ಹೇಳುವ ರೀತಿ ಎಂದು ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ಇನ್ನೊಂದು ಸಂಜೆ ರಿಮೋಟು ಬಂದ್ ಮಾಡಿ ಮೂಲೆಯಲ್ಲಿಟ್ಟಿದ್ದರೂ ಬಾಲದ ಪಟ್ಟಿ ತಾನಾಗಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ವಿಮಾನದೊಳಗಿನ ಹಳೆಯ ರೇಡಿಯೋ ಗಾಳಿಯಲ್ಲಿ ಏನೋ ಹಿಡಿದಿರಬೇಕು ಅಷ್ಟೇ. ಆದರೂ ಆವತ್ತು ಅಂಗಡಿಯ ಬಾಗಿಲು ಲಗೂನೇ ಎಳೆದು ಮನೆಗೆ ಹೋದೆ. ಹೆದರಿದ್ದೆ, ಅದರಲ್ಲೇನು ಮುಚ್ಚುಮರೆ.

ಸುಗ್ಗಿ ಮುಗಿದ ಮೇಲಿನ ಒಂದು ಭಾನುವಾರ ಅಸೂಟಿ ದಾರಿಯ ಹೊಲಕ್ಕೆ ಹೋದೆವು. ಮಾವ, ಅತ್ತೆ, ನಾನು. ಅತ್ತೆ ಈಚಿನ ವರ್ಷಗಳಲ್ಲಿ ಮಾವನನ್ನು ಬಿಟ್ಟು ಕದಲುತ್ತಿರಲಿಲ್ಲ. ಸಂಜೆಯ ಟ್ರಿಪ್ಪಿಗಂತೂ ಟೆಂಪೋದ ಮುಂದಿನ ಸೀಟು ಅವಳದೇ. ದಾರಿಯುದ್ದಕ್ಕೂ ಅವಳ ಬಾಯಿಗೆ ಬಿಡುವಿಲ್ಲ. ಅಲ್ಲಿ ಚಕ್ಕಡಿ ಹೋಯಿತು, ಇಲ್ಲಿ ಎಮ್ಮೆ ನಿಂತಿತು ಎಂದು ಕಂಡದ್ದನ್ನೆಲ್ಲ ಹೇಳುವವಳು. ಮುದುಕರಾದ ಮೇಲೆ ಇವರಿಗೆ ಹೊಸ ಮದುಮಕ್ಕಳ ಸಡಗರ ಎಂದು ನಾವು ನಗುತ್ತಿದ್ದೆವು. ಅವತ್ತೂ ಹೊಲದ ಬದುವಿಗೆ ನಿಲ್ಲಿಸಿದ ಟೆಂಪೋದ ಬಾಗಿಲಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದಳು.

ನಮ್ಮ ಬಯಲಿನಲ್ಲಿ ಹಗಲೆಲ್ಲ ಗಾಳಿ. ಹೊತ್ತು ಇಳಿದಾಗಲೇ ಅದು ಸುಮ್ಮನಾಗುವುದು. ಆದ್ದರಿಂದ ವಿಮಾನಕ್ಕೆ ಯಾವಾಗಲೂ ಸಂಜೆಯೇ ಗತಿ. ಬಂಡಿದಾರಿಯ ಗಟ್ಟಿ ನೆಲದ ಮೇಲೆ ಇಟ್ಟೆ. ಮೋಟರು ಕುಂಯ್ ಎಂದಿತು. ಮಾವ ರಿಮೋಟಿನ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟು ಮುಂದಕ್ಕೆ ನೂಕಿದ. ರೇಷ್ಮೆ ಬಟ್ಟೆ ಎಳೆದಂತೆ ಸರ್ ಎಂದು ಓಡಿ ಮೇಲೆದ್ದಿತು.

ಅಷ್ಟೆತ್ತರಕ್ಕೆ ಹೋದ ಮೇಲೆ ಏನೂ ಕೇಳಲಿಲ್ಲ. ಇಷ್ಟು ವರ್ಷ ಕಿವಿ ಹರಿಯುವಂತೆ ಚೀರುತ್ತಿದ್ದ ಅದೇ ಕೆಂಪು ಹಳದಿ ವಿಮಾನ, ಅದೇ ಹೊಲದ ಮೇಲೆ, ಬಾಯಿ ಕಟ್ಟಿದಂತೆ ತಿರುಗುತ್ತಿತ್ತು. ನೆರಳು ಮೊದಲು ಬರುತ್ತಿತ್ತು, ಆಮೇಲೆ ಅದು. ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ತಲೆ ಎತ್ತಿ ನಿಂತವು, ಒಂದೂ ಅರಚಲಿಲ್ಲ. ಒಣ ಜೋಳದ ಕಣಕಿಯ ಹೊರೆ ಹೊತ್ತು ಬರುತ್ತಿದ್ದ ಹೆಣ್ಣುಮಗಳೊಬ್ಬಳು ಮೇಲೆ ನೋಡಿ, ಹೊರೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಸೆರಗು ಎಳೆದುಕೊಂಡು ಬಿರಬಿರನೆ ಹೋಗಿಬಿಟ್ಟಳು. ನಾನು ಮಾಡಿದ ಕೆಲಸ ಚಲೋ ಆಗಿದೆ ಎಂದು ಹಿಗ್ಗಬೇಕು. ಹಿಗ್ಗಲಿಲ್ಲ, ಮೈ ಜುಮ್ಮೆಂದಿತು.

ಮಾವ ಮೋಟರಿನ ವೇಗ ಇಳಿಸಿದ. ವಿಮಾನ ನಮ್ಮ ತಲೆಯ ಮೇಲಿಂದ ತೇಲಿ ಹಿಂದಕ್ಕೆ ಹೋಯಿತು. ನಾನು ತಿರುಗಿ ಅದನ್ನೇ ನೋಡುತ್ತಿದ್ದೆ. ಇಳಿಯುತ್ತ ಇಳಿಯುತ್ತ ಹರಗಿದ ಎರಿಮಣ್ಣಿನ ಮೇಲೆ, ಯಾರೋ ಎರಡು ಕೈಯಿಂದ ಇಟ್ಟಷ್ಟು ಮೆತ್ತಗೆ ಕೂತಿತು. ಶಾಭಾಸ್ ಎನ್ನಬೇಕೆಂದು ಮಾವನ ಕಡೆ ತಿರುಗಿದೆ.

ಮಾವ ಪಡುವಣದ ಕಡೆ ಮುಖ ಮಾಡಿ ಇನ್ನೂ ಹಾರಿಸುತ್ತಿದ್ದ.

ಅವನ ಮುಖದಲ್ಲಿ ನಗು ಇತ್ತು. ಬಹಳ ದಿನಗಳ ಮೇಲೆ ಕಂಡ ನಗು. ಕೆಂಪಾದ ಮುಗಿಲಿನಲ್ಲಿ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿತ್ತು. ಮಾವನ ಹೆಬ್ಬೆರಳು ಎಡಕ್ಕೆ ಹೋಯಿತು, ಹದ್ದು ಎಡಕ್ಕೆ ವಾಲಿತು. ಹೆಬ್ಬೆರಳು ಬಲಕ್ಕೆ ಬಂತು. ದೇವರಾಣೆ ಹೇಳುತ್ತೇನೆ, ಹದ್ದೂ ಬಲಕ್ಕೆ ಹೊರಳಿತು.

"ನೋಡಲೇ ತಮ್ಮಾ, ಹ್ಯಾಂಗ ಮಾತ ಕೇಳತೈತಿ" ಎಂದ.

ಟೆಂಪೋದ ಕಡೆ ನೋಡಿದೆ. ಅತ್ತೆ ಕೊತ್ತಂಬರಿ ಬಿಟ್ಟು ಎದ್ದು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಹದ್ದನ್ನೂ ಅಲ್ಲ, ವಿಮಾನವನ್ನೂ ಅಲ್ಲ, ನನ್ನನ್ನು. ಅಷ್ಟರಲ್ಲಿ ಹದ್ದು ಬೇಸತ್ತು ದೂರ ಹೊರಟಿತು. ಮಾವ ಗಾಬರಿಯಿಂದ ಹೆಬ್ಬೆರಳು ಹಿಂದಕ್ಕೆ ಎಳೆದ, ಮತ್ತೆ ಎಳೆದ.

"ಭಾಳ ದೂರ ಹೊಂಟೈತಿ. ತಿರಗವಲ್ದು. ಎಲ್ಲೈತಲೇ ಈಗ?"

"ಮಾಮಾ, ಇಮಾನ ಇಳದೈತಿ."

"ಯಾವಾಗ?"

"ಆಗ್ಲೇ ಇಳೀತು. ನಮ್ಮ ಹಿಂದ ಹೊಲದಾಗ ಐತಿ."

ಅವನು ತಿರುಗಲಿಲ್ಲ. ಹೆಬ್ಬೆರಳು ಹಾಗೇ ಕಡ್ಡಿಯ ಮೇಲಿತ್ತು. "ಹಂಗಾರ ಇಷ್ಟೊತ್ತು ನಾ ಹಾರಿಸಿದ್ದು ಏನು?" ಎಂದು ಮೆಲ್ಲಗೆ ಕೇಳಿದ. ನಾನು ವಿಮಾನ ತರಲು ಹೊಲಕ್ಕೆ ಇಳಿದೆ. ಅದನ್ನು ಎತ್ತಿಕೊಂಡು ಬರುವಾಗ ನೋಡಿದರೆ ಮಾವ ಟೆಂಪೋದ ಕಡೆ ನಡೆಯುತ್ತ ಬದುವಿಗೆ ಎಡವಿ, ಅತ್ತೆಯ ಕೈ ಹಿಡಿದ.

ಆಗ ನನಗೆ ಒಂದೊಂದೇ ಹೊಳೆಯತೊಡಗಿತು. ವಾರೆ ಮಾಡಿದ ತಲೆ. ದನಿ ದಪ್ಪ ಆತು ಎನ್ನುವ ಮಾತು. ನಾವು ಕೈಚಳಕ ಎಂದು ಹೊಗಳಿದ್ದು ಕಿವಿಯ ಕೆಲಸ, ಕಣ್ಣಿನದಲ್ಲ. ಹೊತ್ತು ಇಳಿದರೆ ಮಾವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೆಂಪು ಮುಗಿಲಿಗೆ ಅಡ್ಡ ಬಂದ ಕರಿ ನೆರಳಷ್ಟೇ ಕಂಡಿರಬೇಕು. ಈ ಮನುಷ್ಯ ಇನ್ನು ಸ್ವಲ್ಪ ಹೊತ್ತಿಗೆ ರೋಣದ ಸ್ಟ್ಯಾಂಡಿನಲ್ಲಿ ಟೆಂಪೋ ತುಂಬ ಜನ ಹತ್ತಿಸಿಕೊಂಡು ಕತ್ತಲಲ್ಲಿ ಗಜೇಂದ್ರಗಡಕ್ಕೆ ಹೊರಡುವವನು.

ಹೊಲದಿಂದ ಮಾವನೇ ಗಾಡಿ ಹೊಡೆದ. ಸ್ಟ್ಯಾಂಡು ಮುಟ್ಟಿದ ಮೇಲೆ ಧೈರ್ಯ ಮಾಡಿ ಕೇಳಿದೆ. "ಮಾಮಾ, ಇವತ್ತ ಸ್ಟೇರಿಂಗ್ ನನಗ ಕೊಡು."

"ಯಾಕ, ನನ್ನ ಕೈ ಬಿದ್ದು ಹೋಗ್ಯಾವೇನು?" ಎಂದ. ಜನ ಹತ್ತುತ್ತಿದ್ದರು. ಅವರೆದುರು ಏನು ಹೇಳಲಿ? ಮಾವನ ಗಾಡಿಗೆ ಇಷ್ಟು ವರ್ಷ ಒಂದು ಕೋಳಿಯೂ ಸಿಕ್ಕಿರಲಿಲ್ಲ. ಆ ಹೆಸರಿಗೇ ಜನ ಬೇರೆ ಗಾಡಿ ಬಿಟ್ಟು ಇವನಿಗಾಗಿ ಕಾಯುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಕೂತೆ. ನಡುವೆ ಅತ್ತೆ. ನಮ್ಮ ಹಿಂದಿನ ಸೀಟಿನಲ್ಲಿ ಗಜೇಂದ್ರಗಡದ ಸೀರೆ ವ್ಯಾಪಾರದ ಸಾಹೇಬರು, ದಿನದ ಗಿರಾಕಿ.

ಊರು ದಾಟಿದ ಮೇಲೆ ಅತ್ತೆ ಶುರು ಮಾಡಿದಳು.

"ಮುಂದ ಚಕ್ಕಡಿ ಹೊಂಟೈತ್ರಿ, ಕಣಕಿ ಹೇರ್ಯಾರ."

"ಹೂಂ" ಎಂದ ಮಾವ. ಸ್ಟೇರಿಂಗ್ ತುಸು ಬಲಕ್ಕೆ ತಿರುಗಿತು.

"ಎಡಕ್ಕ ಯಾರೋ ಸೈಕಲ್ ನೂಕ್ಕೊಂಡು ಹೊಂಟಾರ. ಬೇವಿನ ಗಿಡ ಬಂತು, ಇಲ್ಲೇ ಅಲ್ರಿ ತಗ್ಗು ಇರೂದು?"

"ಹೂಂ." ಗಾಡಿ ನಿಧಾನವಾಯಿತು, ತಗ್ಗಿನ ಅಂಚು ಹಿಡಿದು ದಾಟಿತು.

"ಅಕ್ಕಾರ ರೇಡಿಯೋ ಚಾಲೂ ಆತು" ಎಂದು ಹಿಂದಿನಿಂದ ಸಾಹೇಬರು ನಕ್ಕರು. ಟೆಂಪೋದಲ್ಲಿದ್ದವರೆಲ್ಲ ನಕ್ಕರು. ವರ್ಷಗಟ್ಟಲೆ ನಾನೂ ಇದೇ ಮಾತಿಗೆ ನಕ್ಕಿದ್ದೆ. ಈಗ ಅವಳ ಒಂದೊಂದು ಮಾತಿಗೂ ಸ್ಟೇರಿಂಗ್ ಹೊರಳುವುದನ್ನು ನೋಡುತ್ತ ಕುಳಿತೆ. ಮಾತಿಗೂ ಹೊರಳಿಗೂ ನಡುವೆ ಒಂದು ಉಸಿರಿನಷ್ಟೂ ಅಂತರ ಇರಲಿಲ್ಲ. ದೂರದಲ್ಲಿ ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸಿದ ಗಾಳಿ ಫ್ಯಾನುಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು.

ಅತ್ತೆ ಒಮ್ಮೆ ನನ್ನ ಕಡೆ ನೋಡಿದಳು. ನಾನು ಅವಳನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಎಷ್ಟು ದಣಿವು ಇತ್ತೆಂದರೆ, ನನಗೆ ಅಳು ಬಂತು. ಅವಳು ಬಾಯಿ ಮುಚ್ಚಿದಳು. ಎರಡೂ ಕೈ ಉಡಿಯಲ್ಲಿಟ್ಟುಕೊಂಡು, ದಾರಿ ನೋಡುವುದನ್ನು ಬಿಟ್ಟು, ತನ್ನ ಕೈಯನ್ನೇ ನೋಡುತ್ತ ಕುಳಿತಳು.

ಗಾಡಿ ಓಡುತ್ತಲೇ ಇತ್ತು.

"ಹೂಂ?" ಎಂದ ಮಾವ.

ಅವಳು ಮಾತಾಡಲಿಲ್ಲ.

"ಹೂಂ?"

"ರೇಡಿಯೋ ಯಾಕ ಬಂದ್ ಆತ್ರಿ ಅಕ್ಕಾರ?" ಎಂದರು ಸಾಹೇಬರು. ಈ ಸಲ ಯಾರೂ ನಗಲಿಲ್ಲ. ತಿರುವು ಕಳೆದ ಮೇಲೆ ದೂರದಲ್ಲಿ ರಸ್ತೆಯ ತುಂಬ ಧೂಳು ಎದ್ದದ್ದು ದೀಪದ ಬೆಳಕಿನಲ್ಲಿ ಕಂಡಿತು. ಕೂಗಬೇಕೆಂದು ಬಾಯಿ ತೆರೆದೆ. ಅದಕ್ಕೂ ಮೊದಲೇ ಮಾವ ಎಕ್ಸಿಲೇಟರ್ ಮೇಲಿನ ಕಾಲು ತೆಗೆದಿದ್ದ. ಗಾಡಿ ಮೆಲ್ಲಗೆ, ಇನ್ನೂ ಮೆಲ್ಲಗೆ ಹೋಗಿ ನಡುರಸ್ತೆಯಲ್ಲಿ ನಿಂತಿತು. ಅವನು ಎಂಜಿನ್ ಬಂದ್ ಮಾಡಿದ. ಟೆಂಪೋದ ಎರಡೂ ಬದಿಗೆ ಏನೋ ಮೈ ಉಜ್ಜುತ್ತ, ಉಸಿರು ಬಿಡುತ್ತ, ಹರಿದು ಹೋಗತೊಡಗಿತು.

"ಕುರಿ?" ಎಂದು ಕೇಳಿದ ಮಾವ.

"ಹೌದ್ರಿ, ಕುರಿ. ಹಿಂದ ಹೆಣ್ಮಗಳು ಅದಾಳ್ರಿ, ಕೂಸು ಕಟಗೊಂಡಾಳ." ಅತ್ತೆಯ ದನಿ ನಡುಗಲಿಲ್ಲ. "ನಾ ಸುಮ್ಮನಾದ್ರ ನೀವು ನಿಲ್ಲಸ್ತೀರಿ ಅಂತ ನನಗ ಗೊತ್ತಿತ್ತು. ಇನ್ನ ನಾ ಹೇಳಾಕ ಒಲ್ಲೆರಿ. ನನ್ನ ಕಣ್ಣೂ ಮಂಜಾಗಾಕ ಹತ್ಯಾವು."

ಕುರಿಗಳೆಲ್ಲ ದಾಟಿದವು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹೆಣ್ಣುಮಗಳು ಕಿಟಕಿಯ ಪಕ್ಕದಲ್ಲೇ ಹಾದು ಹೋದಳು. ಸಾಹೇಬರು ಏನು ತಿಳಿದುಕೊಂಡರೋ, "ಆರಾಮ ಹೋಗೂಣಂತ್ರಿ, ನಮಗೇನ ಅವಸರಿಲ್ಲ" ಎಂದರು. ಮಾವ ಚಾವಿ ಕಿತ್ತು, ನನ್ನ ಕಡೆ ಚಾಚಿದ. ಬಾಗಿಲು ತೆರೆದು ಇಳಿದು, ಬಾನೆಟ್ಟಿನ ಮೇಲೆ ಕೈ ಆಡಿಸುತ್ತ ಮುಂದಿನಿಂದ ಸುತ್ತಿ ಈ ಕಡೆ ಬಂದ. ದೀಪದ ಬೆಳಕಿನಲ್ಲಿ ನಡೆದು ಬಂದ ಅವನ ಕಣ್ಣುಗಳು ಎಲ್ಲಿಯೂ ನೆಡುತ್ತಿರಲಿಲ್ಲ.

ನಾನು ಗಾಡಿ ಹೊಡೆದೆ. ಅತ್ತೆ ನಡುವೆ ಕುಳಿತಿದ್ದಳು, ಮಾವ ಕಿಟಕಿಯ ಕಡೆ. ಎದುರಿಗೆ ಒಂದು ಟ್ರ್ಯಾಕ್ಟರ್ ಬಂದಾಗ ಅತ್ತೆ ರೂಢಿಯಂತೆ "ಟ್ರ್ಯಾಕ್ಟರ್..." ಎಂದು ಬಾಯಿ ಬಿಟ್ಟು, ಅರ್ಧಕ್ಕೇ ನಿಲ್ಲಿಸಿದಳು.

"ಯಾಕ ನಿಲ್ಲಿಸಿದಿ? ಹೇಳು" ಎಂದ ಮಾವ. "ಈಗ ರಸ್ತೆದ್ದು ಬ್ಯಾಡ. ಬ್ಯಾರೆ ಏನರೆ ಹೇಳು."

ಇಷ್ಟು ವರ್ಷ ಅತ್ತೆ ಈ ದಾರಿಯಲ್ಲಿ ಚಕ್ಕಡಿ, ದನ, ತಗ್ಗು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಅವನ ಭುಜದ ಆಚೆ ಕತ್ತಲಿಗೆ ಕತ್ತು ಚಾಚಿ ಹುಡುಕಿದಳು.

"ಸೂರ್ಯಕಾಂತಿ ಹೊಲ ಬಂತ್ರಿ" ಎಂದಳು ಕೊನೆಗೆ.

"ಸುಗ್ಗಿ ಮುಗದ ಮ್ಯಾಲ?" ಎಂದ ಮಾವ. "ಬೋರಿನ ನೀರು ಇರಬೇಕು. ಹೂ ಬಿಟ್ಟಾವೇನು?" ಎಂದು ಕೇಳಿದ.

"ಬಿಟ್ಟಾವ್ರಿ. ಎಲ್ಲಾ ಹಳದಿ. ಗುಡ್ಡದ ಮಟಾ ಐತಿ."

ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ನೋಡತೊಡಗಿದ. ಬೆಳಕು ಬಿದ್ದಷ್ಟು ದೂರ ಎರಡೂ ಬದಿಗೆ ಹರಗಿಟ್ಟ ಬರೀ ಕರಿ ಮಣ್ಣು. ನಾನು ಗಾಡಿ ನಿಧಾನ ಮಾಡಿದೆ.